ಕೋವಿಯ ಜೊತೆ ಮನೆಯವರನ್ನೂ ಪರೀಕ್ಷಿಸುವ ಅಂಗಡಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹಳೆಯ ಜೋಡುನಳಿಗೆ ಕೋವಿಯನ್ನು ಕೊಡಗಿನ ಒಂದು ಸಣ್ಣ ಪೇಟೆಯ ದುರಸ್ತಿ ಅಂಗಡಿಗೆ ಕೊಟ್ಟು, ಒಂದೂವರೆ ತಿಂಗಳ ನಂತರ ವಾಪಸು ತಂದೆ. ಕೆಲಸ ಹೇಗಾಯಿತು, ಎಷ್ಟು ಖರ್ಚಾಯಿತು, ಯಾವುದರಲ್ಲಿ ಬೇಸರವಾಯಿತು ಎಂಬುದನ್ನೆಲ್ಲ ಬರೆಯುವ ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಯಲ್ಲಿ ಕೋವಿಯೂ ಇದ್ದು ಬೆಳೆಯುವ ಮಕ್ಕಳೂ ಇರುವವರು ಈ ಅಂಗಡಿಗೆ ಹೋಗಬೇಕು, ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ನಮ್ಮ ಕಾಲದಲ್ಲಿ ಅಪ್ಪ, ಅಜ್ಜ, ದೊಡ್ಡಪ್ಪಂದಿರು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ಕಲಿಸುತ್ತಿದ್ದುದನ್ನು, ಮೈಸೂರು ಬೆಂಗಳೂರುಗಳಿಂದ ಹಬ್ಬಕ್ಕೆ ಮಾತ್ರ ಊರಿಗೆ ಬರುವ ನಮ್ಮಂಥವರ ಮಕ್ಕಳಿಗೆ ಕಲಿಸುವವರು ಈಗ ಕಡಿಮೆ. ಆ ಕೆಲಸವನ್ನು ಈ ಅಂಗಡಿಯ ಯಜಮಾನರು ಯಾರೂ ಹೇಳದೆ ತಾವಾಗಿಯೇ ವಹಿಸಿಕೊಂಡಿದ್ದಾರೆ.

ಅಂಗಡಿಯ ಹೆಸರನ್ನಾಗಲಿ ಪೇಟೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ಕೇಳಿದಾಗ, ಈಗಿರುವ ಕೆಲಸವೇ ಎರಡು ಕೈಗೆ ಹೆಚ್ಚಾಗಿದೆ, ಬೇಡ ಎಂದರು. ಆ ಭಾಗದವರಿಗೆ ಓದುತ್ತಾ ಹೋದಂತೆ ಯಾವ ಅಂಗಡಿ ಎಂಬುದು ತಿಳಿದೇ ತಿಳಿಯುತ್ತದೆ. ಕೋವಿ ದುರಸ್ತಿ ಎಂದರೆ ಸೈಕಲ್ ದುರಸ್ತಿಯಂತೆ ಯಾರು ಬೇಕಾದರೂ ಮಾಡುವ ಕೆಲಸವಲ್ಲ ಎಂಬುದನ್ನು ಮಾತ್ರ ಹೊರಗಿನ ಓದುಗರಿಗೆ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೂ ಮಾರುವುದಕ್ಕೂ ಪರವಾನಗಿ ಬೇಕಾದಂತೆ ದುರಸ್ತಿ ಮಾಡುವುದಕ್ಕೂ ಬೇಕು. ಊರಿನ ಕಮ್ಮಾರರ ಕುಲುಮೆಗೆ ಕೊಟ್ಟು, ಬಡಿದು ಮದ್ದು ಹತ್ತಿಸುವ ಪಿನ್ನು ಮಾಡಿಸಿಕೊಂಡು ಬರುವ ಹಳೆಯ ರೂಢಿ ಕಾನೂನಿಗೂ ವಿರುದ್ಧ, ಕಣ್ಣಿಗೂ ಕೈಗೂ ಅಪಾಯ. ಈ ಅಂಗಡಿಗೆ ಪರವಾನಗಿ ಇದೆ, ಅದರ ಪ್ರತಿ ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ, ಬಂದುಹೋಗುವ ಪ್ರತಿ ಕೋವಿಯ ನಂಬರೂ ಪುಸ್ತಕದಲ್ಲಿ ದಾಖಲಾಗುತ್ತದೆ.

ನಮ್ಮದು ಮಡಿಕೇರಿ ತಾಲ್ಲೂಕಿನ ಒಂದು ಅರೆಭಾಷೆ ಗೌಡ ಕುಟುಂಬ, ಜಮ್ಮಾ ಹಿಡುವಳಿ, ಅಂದರೆ ತಲೆಮಾರಿನಿಂದ ತಲೆಮಾರಿಗೆ ಬರುವ ಕೊಡಗಿನ ಭೂಹಕ್ಕು, ಇರುವ ಮನೆ. ಕೋವಿ ಅಜ್ಜನ ಕಾಲದ್ದು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ತೋಟ ಮಾರಿ ಸ್ವದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ಪ್ಲಾಂಟರ್ ಕೈಯಿಂದ ಅಜ್ಜ ಅದನ್ನು ಕೊಂಡರಂತೆ. ಪಿನ್ನಿಗೆ ಹೊಡೆಯುವ ಸುತ್ತಿಗೆಯಂಥ ಎರಡು ಕುದುರೆಗಳು ಹೊರಗೇ ಕಾಣುವ, ಅಕ್ಕಪಕ್ಕ ನಳಿಗೆಗಳ 12 ಬೋರಿನ ಕೋವಿ ಅದು. ಈ 12 ಎಂಬ ಲೆಕ್ಕದ ಅರ್ಥ ನನಗೆ ಗೊತ್ತಾಗಿದ್ದು ಐವತ್ತು ದಾಟಿದ ಮೇಲೆ, ಇದೇ ಅಂಗಡಿಯಲ್ಲಿ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಗಲವೂ ಅಷ್ಟು, ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಕೊಡಗಿನ ಮನೆಗಳಲ್ಲಿ ಇಂಥ ಕೋವಿ ಗೋಡೆಯ ಅಲಂಕಾರಕ್ಕೆ ಇರುವುದಲ್ಲ. ಮಗು ಹುಟ್ಟಿದಾಗ ಒಂದು ಈಡು, ಅಂದರೆ ಒಂದು ಗುಂಡು, ಸಾವಾದಾಗ ಎರಡು ಈಡು, ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವ ಗಳಿಗೆಗೆ ಒಂದು ಈಡು ಎಂಬುದು ಪದ್ಧತಿ. ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಮುಹೂರ್ತದ ದಿನ ಕೋವಿಯನ್ನು ಒರೆಸಿ, ದೀಪದ ಮುಂದಿಟ್ಟು, ನಳಿಗೆಗೆ ಕೆಂಪು ಹಳದಿ ಬಣ್ಣದ ಕೋವಿ ಹೂವನ್ನು, ಕೊಡವರು ತೋಕ್ ಪೂ ಎನ್ನುವ ಹೂವನ್ನು, ಸಿಕ್ಕಿಸಿ ಪೂಜಿಸುತ್ತೇವೆ.

ಇದಕ್ಕೆಲ್ಲ ಕಾನೂನಿನ ಆಸರೆಯೂ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟಿದ್ದರು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು ಬಂದಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಪರವಾನಗಿ ಬೇಡ ಎಂದಾದಾಗ ಪರವಾನಗಿ ಕೊಡುವ ಅಧಿಕಾರಿ ಕೇಳಬೇಕಾದ ಪ್ರಶ್ನೆಗಳನ್ನು ಮನೆಯ ಹಿರಿಯರೇ ಕೇಳಬೇಕಾಗುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಅಪ್ಪ ಅದನ್ನು ಕೇಳುತ್ತಿದ್ದರು.

ನಾನು ಕೋವಿ ಮುಟ್ಟಿದ್ದು ಒಂಬತ್ತನೆಯ ವಯಸ್ಸಿನಲ್ಲಿ, ಅದೂ ಎತ್ತಿ ಕೊಡುವುದಕ್ಕೆ ಮಾತ್ರ. ಭತ್ತದ ಹಾಲು ಗಟ್ಟಿಯಾಗುವ ದಿನಗಳಲ್ಲಿ ಗದ್ದೆಯ ಅಟ್ಟಣಿಗೆಯಲ್ಲಿ ರಾತ್ರಿ ಕಾವಲಿರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತುಹೋಗಿತ್ತು. ಹಂದಿಗಳ ಹಿಂಡು ಇಳಿದರೆ ಗುಡ್ಡದ ಕಡೆಗೆ ಒಂದು ಈಡು ಹಾರಿಸಿ ಬೆದರಿಸುವುದಷ್ಟೇ ಅಪ್ಪನ ಕೆಲಸ. ಒಂದಿಡೀ ವರ್ಷ ನಾನು ಬಾರಿಲ್ಲದ ಕೋವಿಯನ್ನು, ನಳಿಗೆ ಕೆಳಗೆ ಬಗ್ಗಿ ಹಿಂಬದಿ ತೆರೆದಿರುವಂತೆ ಮಡಚಿ, ತೋಳಿನ ಮೇಲೆ ಹಾಕಿಕೊಂಡು ಅಪ್ಪನ ಹಿಂದೆ ನಡೆದಿದ್ದೇನೆ. ತೋಟೆಗಳು, ಅಂದರೆ ಕಾಡತೂಸುಗಳು, ಅಪ್ಪನ ಜೇಬಿನಲ್ಲೇ ಇರುತ್ತಿದ್ದವು. ತೋಟಕ್ಕೂ ಗದ್ದೆಗೂ ನಡುವೆ ಒಂದು ಕಡಂಗ, ಅಂದರೆ ಹಳೆಯ ಕಂದಕ, ಇದೆ, ಅದನ್ನು ದಾಟುವಾಗಲೆಲ್ಲ ಅಪ್ಪ ನಿಂತು, ನನ್ನ ಕೈಯಿಂದ ಕೋವಿ ತೆಗೆದುಕೊಂಡು, ಎರಡೂ ನಳಿಗೆಗಳನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿ, ದಂಡೆಯ ಮೇಲೆ ಬಾಯಿ ಆಚೆ ಮಾಡಿ ಮಲಗಿಸಿ, ತಾವು ಇಳಿದು ಹತ್ತಿ, ಆಮೇಲೆ ಎತ್ತಿಕೊಳ್ಳುತ್ತಿದ್ದರು. ಖಾಲಿ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ದಿನಕ್ಕೆ ನಾಲ್ಕು ಸಲ ದಾಟಿದರೆ ನಾಲ್ಕು ಸಲವೂ ಹಾಗೆಯೇ.

ಆ ವರ್ಷ ಮುಗಿಯುವ ಹೊತ್ತಿಗೆ ನಾನೊಂದು ತಪ್ಪು ಮಾಡಿದೆ. ಹಬ್ಬಕ್ಕೆ ಬಂದಿದ್ದ ಅತ್ತೆಯ ಮಗನ ಕಡೆಗೆ, ಆಟಕ್ಕೆಂದು, ಜಗಲಿಯಲ್ಲಿ ಒರಗಿಸಿದ್ದ ಖಾಲಿ ಕೋವಿಯ ಬಾಯಿ ತಿರುಗಿಸಿ ಬಾಯಲ್ಲೇ ಢಂ ಎಂದೆ. ಅಪ್ಪ ಬೈಯಲಿಲ್ಲ, ಹೊಡೆಯಲೂ ಇಲ್ಲ. ನನ್ನ ಕೈಯಿಂದ ಕೋವಿಯನ್ನು ತೆಗೆದುಕೊಂಡು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಮುಂದಿನ ಕೈಲ್‌ಮುಹೂರ್ತದವರೆಗೆ ನಾನು ಅದನ್ನು ಮುಟ್ಟುವಂತಿರಲಿಲ್ಲ. ಆ ವರ್ಷದ ಕಾವಲಿಗೆ ಅಪ್ಪ ನನ್ನ ತಮ್ಮನನ್ನು ಕರೆದುಕೊಂಡು ಹೋದರು. ಸಂಜೆ ಅವರಿಬ್ಬರೂ ಲಾಟೀನು ಹಿಡಿದು ಅಂಗಳ ದಾಟುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದು ಇವತ್ತಿಗೂ ನೆನಪಿದೆ.

ಅಷ್ಟು ಕಲಿತಿದ್ದ ನಾನೇ ಅಪ್ಪ ತೀರಿಕೊಂಡ ಮೇಲೆ ಕೋವಿಯ ಬಗ್ಗೆ ಉದಾಸೀನ ಮಾಡಿದೆ. ಕಾಗದಪತ್ರ ನನ್ನ ಹೆಸರಿಗೆ ಆಗುವವರೆಗೆ ಅದನ್ನು ಠಾಣೆಯಲ್ಲಿ ಒಪ್ಪಿಸಿದ್ದೆವು. ವಾಪಸು ಬಂದ ಮೇಲೆ ಅವ್ವ ಒಬ್ಬಳೇ ಇರುವ ಮನೆಯಲ್ಲಿ ಕಣ್ಣಿಗೆ ಬೀಳದಿರಲಿ ಎಂದು, ಹಳೆಯ ಕಂಬಳಿಯ ತುಂಡನ್ನು ನಡುವಿಗೆ ಸುತ್ತಿ ಅಟ್ಟದ ಜಂತಿಗೆ ಕಟ್ಟಿ, ಮೈಸೂರಿಗೆ ಕೆಲಸಕ್ಕೆ ಹೊರಟುಹೋದೆ. ಎರಡು ಮಳೆಗಾಲ ಅದು ಅಲ್ಲೇ ಇತ್ತು. ನಮ್ಮ ಕಡೆಯ ಮಳೆಗಾಲವೆಂದರೆ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವಂಥದ್ದು. ಕಂಬಳಿ ತೇವ ಹೀರಿ ಹಾಗೇ ಇಟ್ಟುಕೊಳ್ಳುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕಳೆದ ಜುಲೈ ಕೊನೆಯಲ್ಲಿ, ಈ ಸಲದ ಕೈಲ್‌ಮುಹೂರ್ತಕ್ಕಾದರೂ ಕೋವಿ ಸರಿಯಾಗಿ ದೀಪದ ಮುಂದೆ ಇರಲಿ ಎಂದು ಅವ್ವ ಹಟ ಹಿಡಿದದ್ದರಿಂದ ಕೆಳಗಿಳಿಸಿ, ಹದಿಮೂರು ವರ್ಷದ ಮಗಳನ್ನೂ ಜೊತೆಗೆ ಕೂರಿಸಿಕೊಂಡು ಈ ಅಂಗಡಿಗೆ ಹೋದೆ.

ಅಂಗಡಿ ಅಗಲ ಕಡಿಮೆ, ಉದ್ದ ಹೆಚ್ಚು. ಮುಂದಿನ ಭಾಗದಲ್ಲಿ ಒಂದು ಮೇಜು, ಎರಡು ಬೆಂಚು, ಹಿಂದೆ ಕಬ್ಬಿಣದ ಜಾಲರಿಯ ಬಾಗಿಲು. ಆ ಬಾಗಿಲಿನಾಚೆ ದುರಸ್ತಿಗೆ ಬಂದ ಕೋವಿಗಳೆಲ್ಲ ಸಾಲಾಗಿ ನಿಂತಿವೆ, ಟ್ರಿಗರಿನ ಬಳೆಗಳ ಮೂಲಕ ಒಂದೇ ಸರಪಳಿ ಹಾದು ಬೀಗ ಬಿದ್ದಿದೆ. ಹೊಸ್ತಿಲು ದಾಟಿದ ಕೂಡಲೇ ಎಡಗಡೆ ಅರ್ಧ ಮರಳು ತುಂಬಿದ ಒಂದು ಡ್ರಮ್ಮು. ಬಂದವರು ಯಾರೇ ಇರಲಿ, ಮೊದಲು ಕೋವಿಯ ಬಾಯಿಯನ್ನು ಆ ಡ್ರಮ್ಮಿನೊಳಗೆ ಇಳಿಸಿ ನಿಲ್ಲಬೇಕು, ಅಲ್ಲೇ ಮಡಚಿ ತೋರಿಸಬೇಕು, ಆಮೇಲೆಯೇ ಮೇಜಿನ ಹತ್ತಿರ ಬರಬೇಕು. ನಾನು ಮಾತಾಡುವ ಭರದಲ್ಲಿ ನೇರವಾಗಿ ಮೇಜಿಗೆ ನಡೆದೆ. ಅರವತ್ತೈದು ದಾಟಿರಬಹುದಾದ ಯಜಮಾನರು ಕೂತಲ್ಲಿಂದಲೇ ಕೈ ತೋರಿಸಿ, "ಮೊದಲು ಮರಳಿಗೆ, ಮತ್ತೆ ಮಾತು" ಎಂದರು. ನನ್ನ ಹಿಂದಿನಿಂದ ಬಂದ, ನೋಡಿದರೆ ದೊಡ್ಡ ತೋಟದ ಮಾಲೀಕರೆಂದು ಗೊತ್ತಾಗುವ ಹಿರಿಯರಿಗೂ ಅದೇ ಮಾತು, ಅದೇ ದನಿ. ಕಾಗದ ನೋಡುವುದರಲ್ಲೂ ಹಾಗೆಯೇ. ವಿನಾಯಿತಿ ಪತ್ರದ ಮೇಲಿನ ನಂಬರನ್ನು ಕೋವಿಯ ಮೇಲಿನ ನಂಬರಿನ ಜೊತೆ ಬೆರಳಿಟ್ಟು ಒಂದೊಂದೇ ಅಂಕಿ ತಾಳೆ ನೋಡಿದ ಮೇಲೆಯೇ ಪುಸ್ತಕ ತೆರೆದರು.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರು ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂಗಟ್ಟಿನ ಮರ ಬಿಚ್ಚಿ ನಳಿಗೆಗಳನ್ನು ಬೇರೆ ಮಾಡಿ, ನನ್ನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು. ಬಾಗಿಲಿನ ಬೆಳಕಿಗೆ ಹಿಡಿ ಎಂದರು. "ಒಳಗೆ ಏನ್ ಕಾಣ್ತದೆ ಮಗಾ?" ಬಲಗಡೆಯದರಲ್ಲಿ ಉಂಗುರ ಉಂಗುರವಾಗಿ ಬೆಳಕು, ನಡುವೆ ಅಲ್ಲಲ್ಲಿ ಕಪ್ಪು ಚುಕ್ಕೆ ಎಂದಳು. ಎಡಗಡೆಯದಕ್ಕೆ ಕಣ್ಣಿಟ್ಟು ಸುಮ್ಮನಾದಳು. "ಇದರಲ್ಲಿ ಏನೂ ಕಾಣಲ್ಲ ಅಜ್ಜ, ಕತ್ತಲೆ." ಅವರು ಮೇಜಿನ ಮೇಲೆ ಒಂದು ಪತ್ರಿಕೆಯ ಹಾಳೆ ಹಾಸಿ, ಹಿತ್ತಾಳೆಯ ತುದಿಯ ಕೋಲನ್ನು ಹಿಂಬದಿಯಿಂದ ಮೆಲ್ಲಗೆ ತಳ್ಳಿದರು. ಒಂದು ಸಣ್ಣ ಸದ್ದಿನೊಂದಿಗೆ ಹಾಳೆಯ ಮೇಲೆ ಒಣಮಣ್ಣಿನ ಹೆಂಟೆಗಳು ಬಿದ್ದವು. ಬೆರಳಿನಲ್ಲಿ ಒತ್ತಿದಾಗ ಅದರೊಳಗಿನಿಂದ ಸುರುಟಿಕೊಂಡ ಒಣ ಜೇಡಗಳು, ಒಂದಲ್ಲ ಎರಡಲ್ಲ, ಹತ್ತು ಹನ್ನೆರಡು ಉದುರಿದವು. ಕಣಜದ ಗೂಡು ಅದು. ಮಣ್ಣು ತಂದು ಕೋಣೆ ಕಟ್ಟಿ, ಮರಿಗಳಿಗೆ ಬುತ್ತಿಯಾಗಿ ಜೇಡಗಳನ್ನು ಕುಟುಕಿ ತಂದು ತುಂಬಿಸಿ ಬಾಯಿ ಮುಚ್ಚುವ ಹುಳು, ಅಟ್ಟದ ಕತ್ತಲಲ್ಲಿ ತೆರೆದ ನಳಿಗೆಯ ಬಾಯಿ ಸಿಕ್ಕರೆ ಬಿಡುವುದಿಲ್ಲವಂತೆ. ಮಳೆಗಾಲ ಕಳೆದು ಬರುವ ಕೋವಿಗಳಲ್ಲಿ ಇದು ಅಪರೂಪವಲ್ಲ ಎಂದರು.

ನಳಿಗೆಯೊಳಗೆ ಅಡ್ಡ ಇರುವಾಗ ಈಡು ಹಾರಿದರೆ ಒತ್ತಡಕ್ಕೆ ಹೋಗಲು ದಾರಿಯಿಲ್ಲದೆ ಅಡ್ಡ ಇರುವ ಜಾಗದಲ್ಲೇ ನಳಿಗೆ ಉಬ್ಬುತ್ತದೆ, ಇಲ್ಲವೇ ಸಿಡಿಯುತ್ತದೆ. ಸಿಡಿದರೆ ಮುಂಗಟ್ಟು ಹಿಡಿದ ಎಡಗೈ ಮೊದಲು ಹೋಗುತ್ತದೆ. ಹಬ್ಬದ ಗಡಿಬಿಡಿಯಲ್ಲಿ, ಕದಿರು ತೆಗೆಯುವ ಗಳಿಗೆ ಮೀರಬಾರದೆಂಬ ಆತುರದಲ್ಲಿ, ನಾನೇ ಅದನ್ನು ಅಟ್ಟದಿಂದ ನೇರವಾಗಿ ಗದ್ದೆಗೆ ಒಯ್ದು ಎಡಗಡೆಗೂ ತೋಟೆ ಹಾಕಿ ಹಾರಿಸಿಬಿಡುತ್ತಿದ್ದೆನೋ ಏನೋ. ಕಡಂಗದ ದಂಡೆಯಲ್ಲಿ ದಿನಕ್ಕೆ ನಾಲ್ಕು ಸಲ ನಳಿಗೆ ನೋಡುತ್ತಿದ್ದ ಅಪ್ಪನ ಮಗ ಎರಡು ವರ್ಷ ಒಂದು ಸಲವೂ ನೋಡಿರಲಿಲ್ಲ. ಯಜಮಾನರು ನನಗೆ ಏನೂ ಹೇಳಲಿಲ್ಲ. ಆ ಮಣ್ಣನ್ನೂ ಜೇಡಗಳನ್ನೂ ಹಾಳೆಯ ಸಮೇತ ಮಡಚಿ ಮಗಳ ಕೈಗೆ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗು ಎಂದರು. ಆ ಪೊಟ್ಟಣ ಈಗಲೂ ಅವಳ ಓದುವ ಮೇಜಿನ ಮೇಲಿದೆ.

ಪರೀಕ್ಷೆಯ ಮುಂದಿನ ಭಾಗ ನನಗೆ ತುಂಬ ಇಷ್ಟವಾಯಿತು, ಏಕೆಂದರೆ ಅವರು ಪ್ರತಿಯೊಂದನ್ನೂ ತೋರಿಸಿ ಮಾಡುತ್ತಾರೆ. ನಳಿಗೆಯ ಹಿಂಬದಿಗೂ ಅದನ್ನು ಮುಚ್ಚುವ ಕೋವಿಯ ಮುಖಕ್ಕೂ ನಡುವೆ ಸಿಗರೇಟು ಪ್ಯಾಕಿನೊಳಗಿನ ತೆಳು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದರು. ಕಾಗದ ಬಿಗಿಯಾಗಿ ಸಿಕ್ಕಿಕೊಂಡಿತು, ಅಂದರೆ ಕೀಲು ಇನ್ನೂ ಸಡಿಲವಾಗಿಲ್ಲ. ಇಷ್ಟು ಹಳೆಯದರಲ್ಲಿ ಇದು ಅಜ್ಜಂದಿರು ಜತನ ಮಾಡಿದ ಗುರುತು ಎಂದರು. ಆಮೇಲೆ ಮೀನಿನ ಅಂಗಡಿಯಲ್ಲಿರುವಂಥ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಬಲಗಡೆಯ ಟ್ರಿಗರಿಗೆ ಸಿಕ್ಕಿಸಿ ಎಳೆದರು. ಮುಳ್ಳು 700 ಗ್ರಾಂ ಮುಟ್ಟುವ ಮೊದಲೇ ಕುದುರೆ ಬಿತ್ತು. ಈ ಬಗೆಯ ಕೋವಿಗೆ ಒಂದೂವರೆ ಕಿಲೋದಿಂದ ಎರಡು ಕಿಲೋವರೆಗೆ ಬೇಕಂತೆ. ಕುದುರೆಯನ್ನು ಹಿಡಿದಿಡುವ ಒಳಗಿನ ಹಲ್ಲು ಸವೆದು ಹೋಗಿತ್ತು. ಕುದುರೆ ಎಳೆದಿಟ್ಟ ಕೋವಿ ಗೋಡೆಗೆ ತಗಲಿದರೂ ಈಡು ಹಾರುವ ಸ್ಥಿತಿ ಅದು. "ಬೆರಳು ಮುಟ್ಟಿದರೆ ಸಾಕು, ಬೆಣ್ಣೆ ಹಾಗೆ" ಎಂದು ಅಪ್ಪ ಮೆಚ್ಚಿಕೊಂಡು ಹೇಳುತ್ತಿದ್ದುದನ್ನು ನಾನು ಅವರಿಗೆ ಹೇಳಿದೆ. ಬೆಣ್ಣೆ ಹಾಗಿರುವುದು ಗುರಿಕಾರನಿಗೆ ಹಿತ, ಮಕ್ಕಳಿರುವ ಮನೆಗೆ ಅಲ್ಲ ಎಂದರು. ಅಪ್ಪನ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗಲಿಲ್ಲ. ಆದರೆ ಎಲ್ಲವನ್ನೂ ಬಲ್ಲ ಹಿರಿಯರ ಕೈಯಲ್ಲೂ ಯಂತ್ರ ಸವೆಯುತ್ತಿರುತ್ತದೆ, ಅದನ್ನು ಅಳೆದು ನೋಡುವವರು ಬೇರೆಯವರೇ ಆಗಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಹಳೆಯ ಇಂಗ್ಲಿಷ್ ಕೋವಿ ಇರುವ ಎಲ್ಲರೂ ಗಮನಿಸಬೇಕು. ನಳಿಗೆಯ ಅಡಿಭಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕನ್ನಡಿಗಾಜು ಹಿಡಿದು ನಳಿಗೆ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಅಲ್ಲಿನ ಪರೀಕ್ಷಾ ಮುದ್ರೆಗಳನ್ನು ತೋರಿಸಿದರು. ತೋಟೆ ಕೂರುವ ಕೋಣೆಯ ಉದ್ದ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ಎಂದು ಅಲ್ಲಿ ಕೆತ್ತಿತ್ತು. ನಾವು ಇಷ್ಟು ಕಾಲ ಬಳಸುತ್ತಿದ್ದುದು ಎರಡೂಮುಕ್ಕಾಲು ಇಂಚಿನ, 70 ಮಿಲಿಮೀಟರಿನ ತೋಟೆ. ಸರಿಯಾಗಿಯೇ ಕೂರುತ್ತಿತ್ತಲ್ಲ ಎಂದೆ. ಅಪಾಯ ಇರುವುದು ಅಲ್ಲೇ ಎಂದು ಒಂದು ಖಾಲಿ ತೋಟೆಯನ್ನೂ ಒಂದು ತುಂಬಿದ ತೋಟೆಯನ್ನೂ ಪಕ್ಕಪಕ್ಕ ಇಟ್ಟರು. ತೋಟೆಯ ಉದ್ದವೆಂದು ಡಬ್ಬಿಯ ಮೇಲೆ ಅಚ್ಚಾಗಿರುವುದು ಹಾರಿದ ಮೇಲಿನ ಉದ್ದ. ತುಂಬಿದ ತೋಟೆಯ ಬಾಯಿ ಮಡಿಕೆಯಾಗಿ ಒಳಗೆ ಮುಚ್ಚಿಕೊಂಡಿರುವುದರಿಂದ ಅದು ಗಿಡ್ಡವಾಗಿ, ಚಿಕ್ಕ ಕೋಣೆಯಲ್ಲೂ ತಕರಾರಿಲ್ಲದೆ ಕೂರುತ್ತದೆ. ಈಡು ಹಾರುವ ಕ್ಷಣದಲ್ಲಿ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚಿದಾಗ ಕೋಣೆಯ ತುದಿಯ ಇಕ್ಕಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಸೀಸದ ಕಾಳುಗಳಾದ ಚರೆಗೂ ಹೊಗೆಗೂ ದಾರಿ ಕಿರಿದಾಗಿ ಒಳಗಿನ ಒತ್ತಡ ಏರುತ್ತದೆ. ಹಾಗಾದರೆ ಕೋಣೆಯನ್ನೇ ಕೊರೆದು ಉದ್ದ ಮಾಡಿಕೊಡಿ, ಖರ್ಚು ಎಷ್ಟಾದರೂ ಆಗಲಿ ಎಂದೆ. ಅವರು ಒಪ್ಪಲಿಲ್ಲ. ಆ ಜಾಗದ ಲೋಹ ತೆಳುವಾದರೆ ಹಳೆಯ ಪರೀಕ್ಷಾ ಮುದ್ರೆಗೆ ಅರ್ಥವಿರುವುದಿಲ್ಲ, ಇನ್ನು ಮುಂದೆ 65ರ ತೋಟೆಯನ್ನೇ ಕೇಳಿ ಕೊಳ್ಳಿ, ಸಿಗದಿದ್ದರೆ ಸಿಗುವವರೆಗೆ ಹಾರಿಸಬೇಡಿ ಎಂದರು. ದುಡ್ಡು ಬರುವ ಕೆಲಸವನ್ನು ಬೇಡವೆಂದು ಹೇಳಿದ ಈ ಒಂದು ಮಾತಿಗಾಗಿಯೇ ನಾನು ಮತ್ತೆ ಅಲ್ಲಿಗೆ ಹೋಗುತ್ತೇನೆ. ನಮ್ಮ ಕೋವಿಯ ಗುರುತನ್ನು ಒಂದು ಸಣ್ಣ ತಗಡಿನ ಮೇಲೆ 65 ಎಂದು ಕೊರೆದು ಹಿಡಿಯ ಕೆಳಗೆ ಕೂರಿಸಿಕೊಟ್ಟಿದ್ದಾರೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾವು ಕೂತಿದ್ದ ಹೊತ್ತಿನಲ್ಲೇ ಅವರು ಮೇಜಿನ ಖಾನೆಯಿಂದ ಮರದಲ್ಲಿ ಕಡೆದ ಎರಡು ತೋಟೆಗಳನ್ನು ತೆಗೆದರು. ಹಲಸಿನ ಮರದ ಹಳದಿ ಬಣ್ಣ, ಕೈಗಳಲ್ಲಿ ಓಡಾಡಿ ನುಣುಪಾಗಿವೆ. ಅಂಗಡಿಗೆ ಬರುವ ಮಕ್ಕಳಿಗೆಂದೇ ಮಾಡಿಸಿದ್ದು. ಮಗಳಿಗೆ ಅವರು ಹೇಳಿಕೊಟ್ಟ ಪಾಠದಲ್ಲಿ ಗುರಿ ಹಿಡಿಯುವುದು ಎಲ್ಲೂ ಇರಲಿಲ್ಲ. ಕೋವಿ ಕೈಗೆ ಬಂದ ಕೂಡಲೇ ಬಾಯಿ ಎತ್ತ ಇದೆ ಎಂದು ನೋಡುವುದು, ಮಡಚುವುದು, ಎರಡೂ ಕೋಣೆ ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ ಆಮೇಲೆ ಬೆರಳಿನಿಂದ ಮುಟ್ಟಿ ನೋಡುವುದು, ಇನ್ನೊಬ್ಬರಿಗೆ ಕೊಡುವಾಗ ಮಡಚಿದ ಹಾಗೆಯೇ ಕೊಡುವುದು, ತೆಗೆದುಕೊಂಡವರು ನೋಡಿ ತಲೆಯಾಡಿಸುವವರೆಗೆ ಕೈ ಬಿಡದಿರುವುದು. ಟ್ರಿಗರ್ ಎಳೆದ ಮೇಲೂ ಈಡು ಹಾರದಿದ್ದರೆ ಕೂಡಲೇ ಮಡಚಬಾರದು, ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಆ ಅರ್ಧ ನಿಮಿಷವನ್ನು ಅವರು ಗೋಡೆಯ ಗಡಿಯಾರ ನೋಡಿ ಎಣಿಸಿ ತೋರಿಸಿದರು. ಬಾಯಲ್ಲಿ ಹೇಳುವಾಗ ಚಿಕ್ಕದೆನಿಸುವ ಹೊತ್ತು ಕೋವಿ ಹಿಡಿದು ನಿಂತ ಹುಡುಗಿಗೆ ಎಷ್ಟು ದೀರ್ಘವೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ನಾನು ಯಾವಾಗ ಹಾರಿಸಬಹುದು ಎಂದು ಮಗಳು ಕೇಳಿದಳು. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲ ಎಂಬುದನ್ನು ಅವರು ನನ್ನ ಕಡೆಗೆ ನೋಡಿಕೊಂಡೇ ಹೇಳಿದರು, ಏಕೆಂದರೆ ನಮ್ಮ ಕಡೆಯ ಜನರಿಗೆ ಈ ವಿಷಯದಲ್ಲಿ ಉದಾಸೀನ ಇದೆ. ಅಲ್ಲಿಯವರೆಗೆ ಕಣ್ಣು ಪಳಗಿಸಲು ಏರ್‌ಗನ್ ಸಾಕು, ಅದರಲ್ಲಿ 0.177 ಬೋರಿನ, 20 ಜೂಲ್ ಮೀರದ ಶಕ್ತಿಯದಕ್ಕೆ ಪರವಾನಗಿಯ ತೊಡಕಿಲ್ಲ, ಕೈಲ್‌ಮುಹೂರ್ತದ ಸುಮಾರಿಗೆ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಏರ್‌ಗನ್ನಿನವರಿಗೆ ಮೊಟ್ಟೆಗೆ ಗುರಿಯಿಡುವ ವಿಭಾಗವೂ ಇರುತ್ತದೆ ಎಂದರು. ಅವರ ಅಂಗಡಿಯಲ್ಲಿ ಏರ್‌ಗನ್ ಮಾರುವುದಿಲ್ಲ. ಏರ್‌ಗನ್ನಿನಿಂದಲೂ ಕಣ್ಣು ಹೋಗುತ್ತದೆ, ಹಕ್ಕಿಗೆ ಹೊಡೆಯುವುದು ಅಪರಾಧ ಎಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸಿದರು. ಕಾಡುಹಂದಿ ಎಂದುಕೊಂಡು ಪೊದೆಯ ಅಲುಗಾಟಕ್ಕೆ ಈಡು ಹೊಡೆದು ಜೊತೆಗಾರನನ್ನೇ ಕೊಂದ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ಅವುಗಳ ಬಗ್ಗೆ ಮಾತ್ರ ಅವರು ಮಗುವಿನ ಮುಂದೆ ಮಾತಾಡಲಿಲ್ಲ. ಅವಳು ಬೀದಿಗೆ ಹೋದಾಗ ನನ್ನೊಡನೆ, ಹಾಗೆ ಆದ ಒಂದು ಕೋವಿ ಕೆಲವು ವರ್ಷಗಳ ಹಿಂದೆ ತಮ್ಮ ಮೇಜಿನ ಮೇಲೂ ಬಂದಿತ್ತು, ಅದನ್ನು ಮುಟ್ಟಲು ಕೈ ಬರಲಿಲ್ಲ ಎಂದರು.

ಈಗ ಬೇಸರದ ಸಂಗತಿಗಳು. ಆಗಸ್ಟ್ 30ಕ್ಕೆ ಕೊಡುತ್ತೇನೆ ಎಂದು ಬರೆದುಕೊಟ್ಟ ಕೋವಿ ನನ್ನ ಕೈಗೆ ಬಂದದ್ದು ಸೆಪ್ಟೆಂಬರ್ 12ಕ್ಕೆ. ಅಂದರೆ ಯಾವ ಹಬ್ಬಕ್ಕೆಂದು ಕೊಟ್ಟೆನೋ ಆ ಹಬ್ಬ ಕೋವಿಯಿಲ್ಲದೆ ನಡೆಯಿತು. ಅವ್ವ ದೀಪದ ಮುಂದೆ ಕತ್ತಿಯನ್ನೂ ನೇಗಿಲಿನ ಗುಳವನ್ನೂ ಇಟ್ಟು, ಕೋವಿಯ ಜಾಗದಲ್ಲಿ ಹೂವನ್ನು ಮಾತ್ರ ಇಟ್ಟಳು. ಹೊಸದಾಗಿ ಕಡೆಸಿದ ಪಿನ್ನು ತೀರಾ ಗಡುಸಾಗಿ ಮುರಿಯಿತು, ಮತ್ತೊಮ್ಮೆ ಮಾಡಿಸಬೇಕಾಯಿತು ಎಂಬ ಅವರ ಕಾರಣ ನಿಜವೇ ಇರಬಹುದು, ಅರೆಬರೆ ಕೆಲಸದ ಕೋವಿ ಕೊಡದಿದ್ದುದೂ ಸರಿಯೇ. ಆದರೆ ಒಂದು ಫೋನು ಮಾಡಿ ತಿಳಿಸಬಹುದಿತ್ತು. ನಾನು ಎರಡು ಸಲ ಸುಮ್ಮನೆ ಅಷ್ಟು ದೂರ ಹೋಗಿಬಂದೆ. ವಯಸ್ಸಾದ ಅವ್ವ ಆ ದಿನ ಅನುಭವಿಸಿದ ಬೇಸರಕ್ಕೆ ಯಾವ ಕಾರಣವೂ ಸಮಾಧಾನ ಕೊಡುವುದಿಲ್ಲ. ಎರಡನೆಯದು, ಖರ್ಚಿನ ಅಂದಾಜನ್ನು ಮೊದಲೇ ಬರೆದುಕೊಡುವ ಪದ್ಧತಿ ಅಲ್ಲಿಲ್ಲ. ಮೂರನೆಯದು ಮರದ ಕೆಲಸ. ಹಿಡಿಯ ಬಿರುಕನ್ನು ಅವರು ಚೆನ್ನಾಗಿ ಕೂಡಿಸಿದ್ದಾರೆ, ಆದರೆ ಅದರ ಮೇಲೆ ಹೊಳೆಯುವ ವಾರ್ನಿಷ್ ಬಳಿದು, ಮೂರು ತಲೆಮಾರಿನ ಕೈ ಎಣ್ಣೆ ಕುಡಿದು ಕಪ್ಪಾಗಿದ್ದ ಆಕ್ರೋಟ್ ಮರದ ಬಣ್ಣವನ್ನೇ ಕೆಡಿಸಿದರು. ಬರಿಯ ಅಗಸೆ ಎಣ್ಣೆ ಸಾಕಿತ್ತು. ಹಳೆಯ ಮರದ ಬಣ್ಣ ಉಳಿಯಬೇಕೆಂದಿದ್ದರೆ ಕೊಡುವಾಗಲೇ ಸ್ಪಷ್ಟವಾಗಿ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಖರ್ಚು ಹೀಗಾಯಿತು. ಪೂರ್ತಿ ಬಿಚ್ಚಿ ಶುದ್ಧ ಮಾಡಿದ್ದಕ್ಕೆ 900, ಎರಡು ಪಿನ್ನುಗಳಿಗೆ 1,600, ಟ್ರಿಗರಿನ ಹಲ್ಲುಗಳ ಕೆಲಸಕ್ಕೆ 2,200, ಹಿಡಿಯ ಬಿರುಕಿಗೆ 1,700, ಒಟ್ಟು 6,400 ರೂಪಾಯಿ. ಪಿನ್ನು ಮುರಿದದ್ದರ ಖರ್ಚು ಅವರೇ ಹಾಕಿಕೊಂಡರು. ಕೆಲಸದ ಗುಣಮಟ್ಟಕ್ಕೆ ಇದು ಹೆಚ್ಚಲ್ಲ. ಬಲಗಡೆಯ ಟ್ರಿಗರ್ ಈಗ 1.8 ಕಿಲೋಗೆ ಬಿಡುತ್ತದೆ, ಎಡಗಡೆಯದು ಅದಕ್ಕಿಂತ ತುಸು ಹೆಚ್ಚು. ತಕ್ಕಡಿ ಹಿಡಿದು ನನ್ನ ಮುಂದೆಯೇ ಮೂರು ಮೂರು ಸಲ ಎಳೆದು ತೋರಿಸಿದರು. ನಳಿಗೆಯೊಳಗಿನ ತುಕ್ಕಿನ ಚುಕ್ಕೆಗಳು ಆಳವಾಗಿಲ್ಲ, ಉಜ್ಜಿ ಪೂರ್ತಿ ತೆಗೆಯಲು ಹೋದರೆ ನಳಿಗೆ ತೆಳುವಾಗುತ್ತದೆ, ಇದ್ದಷ್ಟು ಇರಲಿ, ಇನ್ನು ಬೆಳೆಯದಂತೆ ನೋಡಿಕೊಳ್ಳಿ ಎಂದರು. ಅದಕ್ಕೆ ಅವರು ಹೇಳಿದ ಕ್ರಮವೂ ಸುಲಭದ್ದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಳುವಾಗಿ ಎಣ್ಣೆ ಬಟ್ಟೆ ಎಳೆಯುವುದು, ಬಟ್ಟೆ ಕಂಬಳಿ ಕ್ಯಾನ್ವಾಸ್ ಚೀಲ ಯಾವುದರಲ್ಲೂ ಸುತ್ತಿಡದಿರುವುದು, ಗಾಳಿಯಾಡುವ ಆದರೆ ಬೀಗವಿರುವ ಕಪಾಟಿನಲ್ಲಿ ನಿಲ್ಲಿಸುವುದು, ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೇರೆ ಬೀಗದ ಕೆಳಗೆ ಇಡುವುದು. ಕಪಾಟು ಮಾಡಿಸಿದ್ದೇನೆ. ಜಗಲಿಯ ಗೋಡೆಯ ಮೇಲೆ ಕೋವಿ ತೂಗುತ್ತಿದ್ದ ಎರಡು ಮರದ ಗೂಟಗಳು ಖಾಲಿ ಇರುವುದನ್ನು ನೋಡಿದರೆ ಮನಸ್ಸಿಗೆ ಏನೋ ಆಗುತ್ತದೆ, ಆದರೂ ಅವು ಖಾಲಿಯೇ ಇರಲಿ.

ಕೋವಿ ವಾಪಸು ಕೊಟ್ಟ ಬಗೆಯನ್ನೂ ಹೇಳಬೇಕು. ದುಡ್ಡು ಎಣಿಸಿಕೊಂಡ ಮೇಲೂ ಅವರು ಕೈಯೆತ್ತಿ ಕೊಟ್ಟುಬಿಡಲಿಲ್ಲ. ಮಡಚಿದ ಕೋವಿಯನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿ ನಿಂತರು. ನಾನು ಎರಡೂ ಕೋಣೆಗಳಲ್ಲಿ ಕಣ್ಣಾಡಿಸಿ ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ. ಮಗಳು ಪಕ್ಕದಿಂದ ಮೆಲ್ಲಗೆ, "ಬೆರಳು ಅಪ್ಪ" ಎಂದಳು. ಎರಡೂ ಕೋಣೆಗಳಿಗೆ ಬೆರಳು ಹಾಕಿ ನೋಡಿ ತಲೆಯಾಡಿಸಿದೆ. ಆಗ ಬಿಟ್ಟರು.

ಆ ವರ್ಷದ ಹುತ್ತರಿಗೆ ನಮ್ಮ ಗದ್ದೆಯಲ್ಲಿ ಒಂದೇ ಈಡು ಹಾರಿತು, 65ರ ತೋಟೆಯಲ್ಲಿ, ಮನೆಗಳೂ ಜನರೂ ಇಲ್ಲದ ಗುಡ್ಡದ ಕಡೆಗೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆಂದು ಜನ ಸೇರಿದಲ್ಲಿ, ಮದುವೆಯಲ್ಲಿ, ಧಾರ್ಮಿಕ ಸ್ಥಳದಲ್ಲಿ ಅಜಾಗರೂಕವಾಗಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಎಂಬ ಕಾಗದವನ್ನು ಯಜಮಾನರು ಕನ್ನಡದಲ್ಲಿ ಟೈಪು ಮಾಡಿಸಿ ಪ್ರತಿ ಗಿರಾಕಿಯ ರಸೀದಿಗೂ ಪಿನ್ನು ಹಾಕಿ ಕೊಡುತ್ತಾರೆ. ಅದನ್ನು ನಮ್ಮ ಮನೆಯವರಿಗೆಲ್ಲ ಓದಿ ಹೇಳಿದ್ದು ಮಗಳು. ಗದ್ದೆಗೆ ಇಳಿಯುವ ಮೊದಲು ಟಾರ್ಚು ಹಿಡಿದು ನಳಿಗೆಗಳನ್ನು ನೋಡಿದವಳೂ ಅವಳೇ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಕೈಲ್‌ಮುಹೂರ್ತಕ್ಕೆ ಬೇಕಾದರೆ ಜುಲೈವರೆಗೆ ಕಾಯಬೇಡಿ, ಏಪ್ರಿಲ್ ಮೇ ತಿಂಗಳಲ್ಲೇ ಕೊಡಿ, ಆಗ ಅವರಿಗೆ ಬಿಡುವಿರುತ್ತದೆ. ವಿನಾಯಿತಿ ಪತ್ರ ಅಥವಾ ಪರವಾನಗಿಯ ಅಸಲು ಪ್ರತಿ ಒಯ್ಯಿರಿ, ನಕಲು ತೋರಿಸಿದರೆ ಕೋವಿಯನ್ನು ಮೇಜಿನ ಮೇಲೆ ಇಡಲೂ ಬಿಡುವುದಿಲ್ಲ. ತೋಟೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಸಂತೆಯ ದಿನ ಬೇಡ, ಅಂದು ಅಂಗಡಿ ತುಂಬಿರುತ್ತದೆ, ಮಕ್ಕಳೊಂದಿಗೆ ಮಾತಾಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಾರೆ. ಮರದ ತೋಟೆಗಳು ಮೇಜಿನ ಬಲಗಡೆಯ ಖಾನೆಯಲ್ಲಿರುತ್ತವೆ, ಕೇಳಿದರೆ ಕೊಡುತ್ತಾರೆ.